ಗ್ಯಾರೇಜಿನ ದೀಪವೂ ನಿಂತಂತೆ ಕಾಣುವ ಚಕ್ರವೂ

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹೋಗುವವರಿಗೆ ನಡುದಾರಿಯಲ್ಲಿ ಶಿಗ್ಗಾಂವ ಸಿಗುತ್ತದೆ. ಇಂತಹ ಹೆದ್ದಾರಿಯ ಊರುಗಳಲ್ಲಿ ರಸ್ತೆಯ ಅಂಚಿಗೆ ತಗಡಿನ ಮಾಡಿನ ಗ್ಯಾರೇಜುಗಳು ಇರುವುದು ಸಹಜ. ಮೆಕ್ಕೆಜೋಳದ ಸುಗ್ಗಿ ಬಂದಿತೆಂದರೆ ಟ್ರ್ಯಾಕ್ಟರು ಲಾರಿಗಳ ದುರಸ್ತಿಯ ಕೆಲಸ ಹಗಲಿಗೆ ಮುಗಿಯದೆ ರಾತ್ರಿಗೂ ಮುಂದುವರಿಯುತ್ತದೆ. ಆಗ ಕೆಲಸಗಾರನ ಕೈಗೆ ದಾರಿ ತೋರಿಸುವುದು ಮಾಡಿಗೆ ತೂಗುಹಾಕಿದ ದೀಪವೊಂದೇ.

ನಮ್ಮ ವಿದ್ಯಾರ್ಥಿಯೊಬ್ಬನ ತಂದೆಯವರು ಅಲ್ಲಿ ಅಂತಹದೊಂದು ಗ್ಯಾರೇಜನ್ನು ನಡೆಸುತ್ತಾರೆ. ಹಲವು ವರ್ಷ ಉರಿದ ನಾಲ್ಕು ಟ್ಯೂಬ್‌ಲೈಟುಗಳನ್ನು ತೆಗೆದು, ಅವುಗಳ ಸ್ಥಾನದಲ್ಲಿ ಅಗ್ಗದ ನಾಲ್ಕು ಎಲ್‌ಇಡಿ ದೀಪಗಳನ್ನು ಅವರು ಹಾಕಿಸಿದರು. ಬೆಳಕು ಚೆನ್ನಾಯಿತೆಂದು ಎಲ್ಲರೂ ಸಂತೋಷಪಟ್ಟರು. ಆದರೆ ಕೆಲವು ದಿನಗಳ ಮೇಲೆ ಒಂದು ರಾತ್ರಿ, ಲಾರಿಯೊಂದರ ಎಂಜಿನನ್ನು ಪರೀಕ್ಷಿಸುತ್ತಿದ್ದ ಕೆಲಸಗಾರನು ಅದರ ಫ್ಯಾನಿನ ಹತ್ತಿರ ಕೈಚಾಚಿದನು. ಪಕ್ಕದಲ್ಲಿ ಇನ್ನೊಂದು ಎಂಜಿನ್ ಅಬ್ಬರಿಸುತ್ತಿದ್ದುದರಿಂದ ಯಾವುದು ನಡೆಯುತ್ತಿದೆ, ಯಾವುದು ನಿಂತಿದೆ ಎಂಬುದು ಕಿವಿಗೆ ತಿಳಿಯುವಂತಿರಲಿಲ್ಲ. ಕಣ್ಣಿಗಾದರೋ ಫ್ಯಾನಿನ ಅಲಗುಗಳು ಒಂದೊಂದಾಗಿ ಎಣಿಸುವಂತೆ ನಿಂತಿದ್ದವು. ಮರುಕ್ಷಣವೇ ಅವನ ಕೈಯಲ್ಲಿದ್ದ ಚಿಂದಿಬಟ್ಟೆಯನ್ನು ಫ್ಯಾನು ಕಿತ್ತುಕೊಂಡಿತು. ಬೆರಳುಗಳು ಉಳಿದುವು.

“ಈ ಹೊಸ ದೀಪ ಕಣ್ಣುಕಟ್ಟು ಮಾಡುತ್ತದೆ” ಎಂದು ಗ್ಯಾರೇಜಿನವರು ಹೇಳಿದರಂತೆ. ಹುಡುಗನು ಈ ಮಾತನ್ನು ತರಗತಿಗೆ ತಂದು, ಅದು ನಿಜವೇ ಎಂದು ಕೇಳಿದನು. ನಿಜ. ಆದರೆ ಹಳೆಯ ದೀಪವೂ ಅದೇ ಕಣ್ಣುಕಟ್ಟನ್ನು ಮಾಡುತ್ತಿತ್ತು. ಹೊಸದು ಅದನ್ನು ಇನ್ನೂ ಚೆನ್ನಾಗಿ ಮಾಡಿತು, ಅಷ್ಟೇ. ಇದು ಹೇಗೆಂಬುದನ್ನು ತಿಳಿಯಬೇಕಾದರೆ ಎರಡು ದೀಪಗಳ ಒಳಗನ್ನೂ ನೋಡಬೇಕು.

ಕೊಳವೆದೀಪದ ಒಳಗೆ

ನಾವು ಟ್ಯೂಬ್‌ಲೈಟು ಎನ್ನುವ ಪ್ರತಿದೀಪ್ತ ಕೊಳವೆ ಅಮೆರಿಕೆಯ ಮಾರುಕಟ್ಟೆಗೆ ಬಂದದ್ದು 1938ರಲ್ಲಿ. ಗಾಜಿನ ಕೊಳವೆಯೊಳಗಿನ ಗಾಳಿಯನ್ನು ತೆಗೆದು, ಬಹಳ ಕಡಿಮೆ ಒತ್ತಡದಲ್ಲಿ ಆರ್ಗಾನ್ ಅನಿಲವನ್ನೂ ಕೆಲವು ಮಿಲಿಗ್ರಾಂ ಪಾದರಸವನ್ನೂ ತುಂಬಿರುತ್ತಾರೆ. ಎರಡು ತುದಿಗಳಲ್ಲಿರುವ ಟಂಗ್ಸ್ಟನ್ ಸುರುಳಿಗಳಿಂದ ಹೊರಟ ಎಲೆಕ್ಟ್ರಾನುಗಳು ಪಾದರಸದ ಪರಮಾಣುಗಳಿಗೆ ಬಡಿಯುತ್ತವೆ. ಪೆಟ್ಟು ತಿಂದ ಪರಮಾಣು ತಾನು ಪಡೆದ ಶಕ್ತಿಯನ್ನು ಬೆಳಕಿನ ರೂಪದಲ್ಲಿ ಹಿಂದಕ್ಕೆ ಕೊಡುತ್ತದೆ. ಆದರೆ ಆ ಬೆಳಕಿನ ಹೆಚ್ಚಿನ ಭಾಗ 253.7 ನ್ಯಾನೋಮೀಟರ್ ಅಲೆಯುದ್ದದ ಅತಿನೇರಳೆ ಕಿರಣ. ಅದು ನಮ್ಮ ಕಣ್ಣಿಗೆ ಕಾಣದು. ಗಾಜಿನ ಒಳಮೈಗೆ ಬಳಿದ ಬಿಳಿಯ ಪುಡಿ ಅದನ್ನು ಹೀರಿಕೊಂಡು, ಕಾಣುವ ಬೆಳಕಾಗಿ ಬದಲಿಸಿ ಹೊರಸೂಸುತ್ತದೆ. ಪ್ರತಿದೀಪ್ತಿ ಎಂಬುದು ಇದಕ್ಕೇ.

ಅನಿಲದಲ್ಲಿ ಪ್ರವಾಹ ಹೆಚ್ಚಿದಷ್ಟೂ ಅದರ ತಡೆ ಕಡಿಮೆಯಾಗುತ್ತದೆ. ಲಗಾಮಿಲ್ಲದಿದ್ದರೆ ಪ್ರವಾಹ ಮಿತಿಮೀರಿ ಕೊಳವೆ ನಾಶವಾದೀತು. ಆ ಲಗಾಮೇ ಚೋಕ್. ಕಬ್ಬಿಣದ ಪಟ್ಟಿಗಳಿಗೆ ತಂತಿ ಸುತ್ತಿದ ಸುರುಳಿ. ಅದು ಮಾಡುವ ಸೇವೆಗೆ ಕೂಲಿಯಾಗಿ 10–12 ವ್ಯಾಟುಗಳನ್ನು ಶಾಖದ ರೂಪದಲ್ಲಿ ತಿನ್ನುತ್ತದೆ. ಆದುದರಿಂದ 36 ವ್ಯಾಟು ಎಂದು ಬರೆದಿರುವ ಕೊಳವೆಯೊಂದು ನಿಜವಾಗಿ ಮೀಟರಿನಿಂದ ಎಳೆಯುವುದು ಸುಮಾರು 48 ವ್ಯಾಟು.

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಪರ್ಯಾಯ ಪ್ರವಾಹ. ಅದು ಸೆಕೆಂಡಿಗೆ 50 ಬಾರಿ ಒಂದು ಪೂರ್ಣ ಆವರ್ತವನ್ನು ಮುಗಿಸುತ್ತದೆ. ಒಂದೊಂದು ಆವರ್ತದಲ್ಲಿಯೂ ಪ್ರವಾಹ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಹರಿಯುವುದರಿಂದ ಅದು ಎರಡು ಬಾರಿ ಸೊನ್ನೆಗೆ ಇಳಿಯುತ್ತದೆ. ಆದುದರಿಂದ ಕೊಳವೆಯ ಬೆಳಕು ಸೆಕೆಂಡಿಗೆ 100 ಬಾರಿ ಏರುತ್ತದೆ, 100 ಬಾರಿ ಇಳಿಯುತ್ತದೆ. ಒಂದು ಮಿನುಗಿಗೂ ಮುಂದಿನ ಮಿನುಗಿಗೂ ನಡುವಿನ ಕಾಲ ಸೆಕೆಂಡಿನ ನೂರನೆಯ ಒಂದು ಭಾಗ. ಇಷ್ಟು ಬೇಗ ಬೇಗನೆ ಬರುವ ಮಿನುಗುಗಳನ್ನು ನಮ್ಮ ಕಣ್ಣು ಬೇರೆ ಬೇರೆಯಾಗಿ ಗುರುತಿಸಲಾರದು. ಅವೆಲ್ಲವನ್ನೂ ಬೆಸೆದು ಒಂದೇ ಸಮನಾದ ಬೆಳಕೆಂದು ತಿಳಿಯುತ್ತದೆ. ಎದುರಿನ ವಸ್ತು ನಿಂತಿರುವವರೆಗೆ ಇದರಿಂದ ತೊಂದರೆಯೇನೂ ಇಲ್ಲ.

ನಿಂತಂತೆ ಕಾಣುವ ಫ್ಯಾನು

ವಸ್ತು ತಿರುಗತೊಡಗಿದರೆ ಸಂಗತಿ ಬೇರೆ. ಲಾರಿಯ ಎಂಜಿನಿನ ಮುಂದೆ ಎಂಟು ಅಲಗುಗಳ ಫ್ಯಾನೊಂದು ನಿಮಿಷಕ್ಕೆ 750 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಗಾಡಿ ನಿಂತಲ್ಲೇ ಎಂಜಿನ್ ನಡೆಯುವಾಗ ಇಂತಹ ವೇಗ ಅಪರೂಪವೇನಲ್ಲ. ಸೆಕೆಂಡಿಗೆ ಎಷ್ಟು ಸುತ್ತಾಯಿತು? 750ನ್ನು 60ರಿಂದ ಭಾಗಿಸಿದರೆ 12.5. ಒಂದು ಸುತ್ತಿಗೆ ಎಂಟು ಅಲಗುಗಳು ನಮ್ಮ ಕಣ್ಣಿನ ಮುಂದೆ ಹಾದುಹೋಗುವುದರಿಂದ ಸೆಕೆಂಡಿಗೆ ಹಾಯುವ ಅಲಗುಗಳು 12.5 × 8 = 100. ದೀಪದ ಮಿನುಗುಗಳೂ ಸೆಕೆಂಡಿಗೆ 100.

ಒಂದು ಮಿನುಗಿನಲ್ಲಿ ಒಂದು ಅಲಗು ನೆತ್ತಿಯ ಮೇಲೆ ಕಂಡಿತು. ಮುಂದಿನ ಮಿನುಗು ಬರುವಷ್ಟರಲ್ಲಿ ಆ ಅಲಗು ಮುಂದೆ ಸಾಗಿದೆ. ಆದರೆ ಅದರ ಹಿಂದಿನ ಅಲಗು ಸರಿಯಾಗಿ ಅದೇ ಸ್ಥಳಕ್ಕೆ ಬಂದು ನಿಂತಿದೆ. ಎಂಟೂ ಅಲಗುಗಳು ಒಂದೇ ಬಗೆಯಾಗಿರುವುದರಿಂದ ಇದು ಬೇರೆ ಅಲಗೆಂದು ಕಣ್ಣಿಗೆ ತಿಳಿಯುವ ಉಪಾಯವೇ ಇಲ್ಲ. ಪ್ರತಿಯೊಂದು ಮಿನುಗಿನಲ್ಲಿಯೂ ಅದೇ ಚಿತ್ರ. ಫ್ಯಾನು ನಿಂತಿದೆ ಎಂದು ಕಣ್ಣು ತೀರ್ಪು ಕೊಡುತ್ತದೆ.

ವೇಗ ಸ್ವಲ್ಪ ತಗ್ಗಿ 740 ಸುತ್ತಾಯಿತೆನ್ನಿ. ಆಗ ಪ್ರತಿ ಮಿನುಗಿಗೂ ಅಲಗುಗಳು ಹಿಂದಿನ ಸ್ಥಾನವನ್ನು ಮುಟ್ಟುವುದಕ್ಕೆ ಕೊಂಚ ಕಡಿಮೆಯಾಗಿ ಉಳಿಯುತ್ತವೆ. ಫ್ಯಾನು ನಿಮಿಷಕ್ಕೆ 10 ಸುತ್ತಿನಂತೆ ನಿಧಾನವಾಗಿ ಹಿಂದಕ್ಕೆ ತಿರುಗುತ್ತಿರುವಂತೆ ಕಾಣುತ್ತದೆ. 760 ಸುತ್ತಾದರೆ ಅಷ್ಟೇ ನಿಧಾನವಾಗಿ ಮುಂದಕ್ಕೆ. ಸಿನೆಮಾದಲ್ಲಿ ಓಡುವ ಬಂಡಿಯ ಗಾಲಿಗಳು ಒಮ್ಮೊಮ್ಮೆ ಹಿಂದಕ್ಕೆ ಉರುಳುವುದನ್ನು ವಾಚಕರು ನೋಡಿರಬಹುದು. ಕಾರಣ ಎರಡಕ್ಕೂ ಒಂದೇ. ಅಲ್ಲಿ ಚಿತ್ರಗಳ ನಡುವೆ ಬಿಡುವು, ಇಲ್ಲಿ ಬೆಳಕಿನ ನಡುವೆ ಬಿಡುವು.

ಈ ಪರಿಣಾಮಕ್ಕೆ ಸ್ಟ್ರೋಬೋಸ್ಕೋಪಿಕ್ ಪರಿಣಾಮವೆಂದು ಹೆಸರು. ಇದರಿಂದ ಉಪಯೋಗವೂ ಉಂಟು. ನಿಮಿಷಕ್ಕೆ 33⅓ ಸುತ್ತು ತಿರುಗುವ ಗ್ರಾಮಫೋನಿನ ತಟ್ಟೆಯ ಅಂಚಿಗೆ 180 ಗೆರೆಗಳನ್ನು ಎಳೆದು, ಸೆಕೆಂಡಿಗೆ 100 ಬಾರಿ ಮಿನುಗುವ ದೀಪದಲ್ಲಿ ನೋಡುತ್ತಾರೆ. ಗೆರೆಗಳು ನಿಂತಂತೆ ಕಂಡರೆ ವೇಗ ಸರಿ. ಆದರೆ ಗ್ರಾಮಫೋನಿನಲ್ಲಿ ಉಪಕಾರಿಯಾದದ್ದೇ ಗ್ಯಾರೇಜಿನಲ್ಲಿ ಅಪಾಯಕಾರಿ. ಲೇತಿನ ಚಕ್, ಸಾಣೆಯ ಚಕ್ರ, ಕಂಪ್ರೆಸರಿನ ಗಾಲಿ, ಇವುಗಳಲ್ಲಿ ಯಾವುದೂ ಇದಕ್ಕೆ ಹೊರತಲ್ಲ.

ಹಾಗಾದರೆ ಟ್ಯೂಬ್‌ಲೈಟಿನ ಕೆಳಗೆ ಇಷ್ಟು ವರ್ಷ ಈ ಅನಾಹುತ ಏಕೆ ಆಗಲಿಲ್ಲ? ಪ್ರವಾಹ ಸೊನ್ನೆಗೆ ಇಳಿದ ಕ್ಷಣದಲ್ಲಿಯೂ ಕೊಳವೆಯ ಒಳಮೈಯ ಪುಡಿ ಪೂರ್ತಿಯಾಗಿ ಆರುವುದಿಲ್ಲ. ಕೆಲವು ಸಾವಿರದಲ್ಲೊಂದು ಭಾಗ ಸೆಕೆಂಡಿನವರೆಗೆ ಅದು ಮಂಕಾಗಿ ಬೆಳಗುತ್ತಲೇ ಇರುತ್ತದೆ. ಕತ್ತಲೆಯ ಹಳ್ಳವನ್ನು ಈ ಉಳಿಕೆಯ ಬೆಳಕು ಅರೆಬರೆಯಾಗಿ ತುಂಬುತ್ತದೆ. ಅದರಿಂದ ನಿಂತ ಅಲಗಿನ ಚಿತ್ರದ ಮೇಲೆ ಓಡುವ ಅಲಗಿನ ಮಸುಕು ಹರಡಿ, ನೋಡುವವನಿಗೆ ಎಚ್ಚರಿಕೆ ಕೊಡುತ್ತಿತ್ತು. ಹಾಗಿದ್ದರೂ ಯಂತ್ರಶಾಲೆಗಳವರು ಕೊಳವೆದೀಪವೊಂದನ್ನೇ ನಂಬುತ್ತಿರಲಿಲ್ಲ. ಲೇತಿನ ಪಕ್ಕದಲ್ಲಿ ತಂತಿಯ ಬಲ್ಬೊಂದನ್ನು ಇಡುವುದು, ಮೂರು ಫೇಸುಗಳಿದ್ದಲ್ಲಿ ನೆರೆಹೊರೆಯ ದೀಪಗಳನ್ನು ಬೇರೆ ಬೇರೆ ಫೇಸಿಗೆ ಜೋಡಿಸುವುದು ರೂಢಿಯಾಗಿತ್ತು. ಒಂದು ಆರುವಾಗ ಇನ್ನೊಂದು ಉರಿಯುತ್ತಿರಲಿ ಎಂಬುದೇ ಇದರ ತತ್ತ್ವ.

ಎಲ್‌ಇಡಿ ಎಂದರೇನು?

ಎಲ್‌ಇಡಿ ಬೆಳಕು ಸೂಸುವ ಒಂದು ಡಯೋಡು. ಇದರಲ್ಲಿ ಕೊಳವೆಯೂ ಇಲ್ಲ, ಆವಿಯೂ ಇಲ್ಲ. ಎಲೆಕ್ಟ್ರಾನುಗಳು ಹೆಚ್ಚಾಗಿರುವ ಅರೆವಾಹಕದ ಪದರವೊಂದು, ಎಲೆಕ್ಟ್ರಾನುಗಳ ಕೊರತೆಯಿಂದ ರಂಧ್ರಗಳಿರುವ ಪದರವೊಂದು, ಇವೆರಡೂ ಕೂಡುವ ಸಂಧಿಯಲ್ಲಿ ಪ್ರವಾಹವನ್ನು ಹರಿಸಿದರೆ ಎಲೆಕ್ಟ್ರಾನುಗಳು ರಂಧ್ರಗಳಿಗೆ ಬೀಳುತ್ತವೆ. ಬೀಳುವಾಗ ಬಿಟ್ಟುಕೊಟ್ಟ ಶಕ್ತಿ ಬೆಳಕಾಗಿ ಹೊರಬರುತ್ತದೆ. ಬೀಳುವ ಎತ್ತರ ಹೆಚ್ಚಾದಷ್ಟೂ ಅಲೆಯುದ್ದ ಕಡಿಮೆ. 1240ನ್ನು ನ್ಯಾನೋಮೀಟರಿನಲ್ಲಿರುವ ಅಲೆಯುದ್ದದಿಂದ ಭಾಗಿಸಿದರೆ ಶಕ್ತಿಯು ಎಲೆಕ್ಟ್ರಾನ್ ವೋಲ್ಟುಗಳಲ್ಲಿ ದೊರೆಯುತ್ತದೆ. 650ರ ಕೆಂಪಿಗೆ ಸುಮಾರು 1.9, 450ರ ನೀಲಿಗೆ ಸುಮಾರು 2.75.

ಹರಳೊಂದಕ್ಕೆ ವಿದ್ಯುತ್ತನ್ನು ಹರಿಸಿದಾಗ ಬೆಳಕು ಬಂದುದನ್ನು ಮಾರ್ಕೋನಿಯ ಸಂಸ್ಥೆಯಲ್ಲಿದ್ದ ರೌಂಡ್ ಎಂಬುವನು 1907ರಲ್ಲಿಯೇ ವರದಿ ಮಾಡಿದ್ದನು. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಅಮೆರಿಕೆಯ ಹೊಲೊನ್ಯಾಕನು 1962ರಲ್ಲಿ ಮಾಡಿ ತೋರಿಸಿದನು. ನೀಲಿ ಮಾತ್ರ ಬಹುಕಾಲ ಕೈಗೆ ಸಿಗಲಿಲ್ಲ. ನೀಲಿಯಿಲ್ಲದೆ ಬಿಳಿಯ ಬೆಳಕೂ ಇಲ್ಲ. ಗ್ಯಾಲಿಯಂ ನೈಟ್ರೈಡಿನ ಹರಳನ್ನು ಪಳಗಿಸಿ ಆ ಕೊರತೆಯನ್ನು ನೀಗಿಸಿದ ಜಪಾನಿನ ಅಕಸಾಕಿ, ಅಮಾನೊ ಮತ್ತು ಜಪಾನಿನಲ್ಲಿ ಹುಟ್ಟಿದ ನಕಮುರ ಇವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಇಂದಿನ ಬಿಳಿಯ ಎಲ್‌ಇಡಿಯಲ್ಲಿ ನೀಲಿ ಹರಳಿನ ಮೇಲೆ ಸೀರಿಯಂ ಬೆರೆಸಿದ ಹಳದಿಯ ಪುಡಿ ಇರುತ್ತದೆ. ಪುಡಿಯಿಂದ ಬಂದ ಹಳದಿಯೂ ಅದನ್ನು ದಾಟಿ ಬಂದ ನೀಲಿಯೂ ಸೇರಿ ಕಣ್ಣಿಗೆ ಬಿಳಿಯಾಗಿ ತೋರುತ್ತವೆ.

ಹೊಸ ದೀಪದ ಹಳೆಯ ದೋಷ

ಇಲ್ಲಿಯೂ ಪುಡಿ ಇದೆಯಲ್ಲ, ಅದು ಕತ್ತಲೆಯ ಹಳ್ಳವನ್ನು ತುಂಬಲಾರದೇ ಎಂದು ವಾಚಕರು ಕೇಳಬಹುದು. ತುಂಬಲಾರದು. ಈ ಪುಡಿಯ ಬೆಳಕು ಸೆಕೆಂಡಿನ ಕೋಟಿಯಲ್ಲೊಂದು ಭಾಗದಷ್ಟು ಕಾಲದೊಳಗೆ ಬಹುಮಟ್ಟಿಗೆ ಆರಿಹೋಗುತ್ತದೆ. ಹರಳಂತೂ ಪ್ರವಾಹದ ಆಜ್ಞೆಯನ್ನು ತತ್‌ಕ್ಷಣ ಪಾಲಿಸುವ ಸೇವಕ. ಪ್ರವಾಹ ನಿಂತಿತೆಂದರೆ ಬೆಳಕೂ ನಿಂತಿತು. ಬೇಗ ಉತ್ತರ ಕೊಡುವ ಈ ಗುಣವೇ ಕೆಟ್ಟ ಜೋಡಣೆಯಲ್ಲಿ ದೋಷವಾಗಿ ಪರಿಣಮಿಸುತ್ತದೆ.

ಎಲ್‌ಇಡಿಗೆ ನೇರ ಪ್ರವಾಹ ಬೇಕು. ಪರ್ಯಾಯ ಪ್ರವಾಹವನ್ನು ಏಕಮುಖವಾಗಿ ತಿರುಗಿಸುವ ಚಿಕ್ಕ ಮಂಡಲವೊಂದು ದೀಪದೊಳಗೆ ಅಡಗಿರುತ್ತದೆ. ಅದನ್ನು ಡ್ರೈವರ್ ಎನ್ನುತ್ತಾರೆ. ನಾಲ್ಕು ಡಯೋಡುಗಳ ಸೇತುವೆ ಪ್ರವಾಹವನ್ನು ಒಂದೇ ದಿಕ್ಕಿಗೆ ತರುತ್ತದೆ ನಿಜ, ಆದರೆ ಅದನ್ನು ಸಮಗೊಳಿಸುವುದಿಲ್ಲ. ಸೆಕೆಂಡಿಗೆ 100 ದಿಬ್ಬಗಳು ಹಾಗೆಯೇ ಉಳಿಯುತ್ತವೆ. ಆ ದಿಬ್ಬಗಳ ನಡುವಿನ ತಗ್ಗನ್ನು ತುಂಬುವುದಕ್ಕೆ ತಕ್ಕಷ್ಟು ದೊಡ್ಡ ಕಂಡೆನ್ಸರು ಬೇಕು. ಪ್ರವಾಹವನ್ನು ಒಂದೇ ಮಟ್ಟದಲ್ಲಿ ಹಿಡಿಯುವ ಎಲೆಕ್ಟ್ರಾನಿಕ್ ಹತೋಟಿ ಬೇಕು. ಅಗ್ಗದ ದೀಪಗಳಲ್ಲಿ ಕೈಬಿಡುವುದು ಇವುಗಳನ್ನೇ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಗೆಯ ಬಿಳಿಯ ಪಟ್ಟಿಗಳು.

ಮಿನುಗನ್ನು ಅಳೆಯುವ ವಿಧಾನ ಸುಲಭ. ಬೆಳಕಿನ ಅತ್ಯಧಿಕ ಮಟ್ಟದಿಂದ ಅತ್ಯಲ್ಪ ಮಟ್ಟವನ್ನು ಕಳೆದು, ಅದನ್ನು ಅವೆರಡರ ಮೊತ್ತದಿಂದ ಭಾಗಿಸಿ, 100ರಿಂದ ಗುಣಿಸಬೇಕು. ಮೇಲಿನ ಮಟ್ಟ 100, ಕೆಳಗಿನದು 50 ಆದರೆ ಮಿನುಗು 50 ÷ 150, ಎಂದರೆ ಶೇಕಡಾ 33. ಚೋಕ್ ಇರುವ ಕೊಳವೆದೀಪದ ಮಿನುಗು ಹೆಚ್ಚು ಕಡಿಮೆ ಇದೇ ಆಸುಪಾಸಿನದು. ಬೆಳಕು ಪೂರ್ತಿ ಆರಿ ಹೊತ್ತಿಕೊಳ್ಳುವ ಕೆಟ್ಟ ಎಲ್‌ಇಡಿಯಲ್ಲಿ ಅದು ಶೇಕಡಾ 100ನ್ನು ಮುಟ್ಟಬಹುದು. ಸೆಕೆಂಡಿಗೆ 100 ಬಾರಿ ಮಿನುಗುವ ದೀಪದಲ್ಲಿ ಇದು ಶೇಕಡಾ 8ನ್ನು ಮೀರದಿದ್ದರೆ ಅಪಾಯ ಅಲ್ಪವೆಂಬುದು ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯೊಂದು 2015ರಲ್ಲಿ ಪ್ರಕಟಿಸಿದ ಸಲಹೆ. ಒಳ್ಳೆಯ ಡ್ರೈವರಿರುವ ಎಲ್‌ಇಡಿ ಈ ಮಿತಿಯೊಳಗೆ ಸುಲಭವಾಗಿ ನಿಲ್ಲುತ್ತದೆ. ಆಗ ಅದು ಟ್ಯೂಬ್‌ಲೈಟಿಗಿಂತ ಎಷ್ಟೋ ಮೇಲು. ದೋಷವಿರುವುದು ಹರಳಿನಲ್ಲಲ್ಲ, ಅದಕ್ಕೆ ಉಣಿಸುವ ಕೈಯಲ್ಲಿ.

ಪೆನ್ಸಿಲಿನ ಪರೀಕ್ಷೆ

ಇದಕ್ಕೆ ಉಪಕರಣ ಬೇಕೆಂದಿಲ್ಲ. ರಾತ್ರಿಯಲ್ಲಿ, ಪರೀಕ್ಷಿಸಬೇಕಾದ ದೀಪವೊಂದನ್ನೇ ಹೊತ್ತಿಸಿ, ಕಪ್ಪು ಬಟ್ಟೆಯ ಮುಂದೆ ತೆಳುಬಣ್ಣದ ಪೆನ್ಸಿಲೊಂದನ್ನು ತುದಿಯಲ್ಲಿ ಹಿಡಿದು ಬೀಸಣಿಗೆಯಂತೆ ವೇಗವಾಗಿ ಆಡಿಸಿರಿ. ಬೆಳಕು ಸಮನಾಗಿದ್ದರೆ ಒಂದೇ ನಯವಾದ ಮಸುಕು ಕಾಣುತ್ತದೆ. ಬೆಳಕು ಮಿನುಗುತ್ತಿದ್ದರೆ ಬೀಸಣಿಗೆಯ ಕಡ್ಡಿಗಳಂತೆ ಬಿಡಿಬಿಡಿಯಾದ ಹಲವು ಪೆನ್ಸಿಲುಗಳು ಕಾಣುತ್ತವೆ. ಕಡ್ಡಿಗಳು ಸ್ಪಷ್ಟವಾದಷ್ಟೂ ದೀಪ ಕೆಟ್ಟದ್ದು.

ಮೊಬೈಲಿನ ಕ್ಯಾಮರಾವನ್ನು ದೀಪದ ಹತ್ತಿರ ಹಿಡಿದರೆ ಪರದೆಯ ಮೇಲೆ ಕಪ್ಪು ಪಟ್ಟೆಗಳು ಕಾಣಿಸಿಕೊಳ್ಳುವುದುಂಟು. ಅದೂ ಮಿನುಗಿನ ಲಕ್ಷಣವೇ. ಆದರೆ ಪಟ್ಟೆಗಳು ಕಾಣದಿದ್ದ ಮಾತ್ರಕ್ಕೆ ದೀಪ ಒಳ್ಳೆಯದೆಂದು ನಂಬಬಾರದು, ಏಕೆಂದರೆ ಅನೇಕ ಕ್ಯಾಮರಾಗಳು ಅವುಗಳನ್ನು ತಾವಾಗಿಯೇ ಮರೆಮಾಡುತ್ತವೆ. ರಟ್ಟಿನ ಬಿಲ್ಲೆಗೆ ಎಂಟು ಕಪ್ಪು, ಎಂಟು ಬಿಳಿ ಹೋಳುಗಳನ್ನು ಬರೆದು ಬುಗುರಿಯ ಮೇಲೆ ಕೂರಿಸಿ ತಿರುಗಿಸಿದರೆ, ವೇಗ ಇಳಿಯುತ್ತ ಬರುವಾಗ ಹೋಳುಗಳು ಒಮ್ಮೆ ನಿಲ್ಲುವುದನ್ನೂ, ಮತ್ತೆ ಹಿಮ್ಮುಖವಾಗಿ ಸರಿಯುವುದನ್ನೂ ನೋಡಬಹುದು. ನಮ್ಮ ವಿದ್ಯಾರ್ಥಿಗಳು ಈ ಬುಗುರಿಯನ್ನು ಶಿಗ್ಗಾಂವದ ಆ ಗ್ಯಾರೇಜಿಗೇ ಒಯ್ದು ತಿರುಗಿಸಿದರು. ಹೋಳುಗಳು ಅಚ್ಚೊತ್ತಿದಂತೆ ನಿಂತುವು.

ಎಷ್ಟು ಬೆಳಕು, ಎಲ್ಲಿ?

ಇನ್ನು ಮಿತವ್ಯಯದ ಲೆಕ್ಕ. ನಾಲ್ಕು ಕೊಳವೆಗಳು ಚೋಕ್ ಸಹಿತ 192 ವ್ಯಾಟು. 20 ವ್ಯಾಟಿನ ನಾಲ್ಕು ಎಲ್‌ಇಡಿಗಳು 80 ವ್ಯಾಟು. ಉಳಿತಾಯ 112 ವ್ಯಾಟು. ದಿನಕ್ಕೆ 6 ಗಂಟೆಯಂತೆ ವರ್ಷಕ್ಕೆ 300 ದಿನ ಉರಿದರೆ ಸುಮಾರು 200 ಯೂನಿಟು ಉಳಿಯುತ್ತದೆ. ಯೂನಿಟಿಗೆ 8 ರೂಪಾಯಿ ಎಂದು ಹಿಡಿದರೆ 1600 ರೂಪಾಯಿ. ಒಳ್ಳೆಯ ಡ್ರೈವರಿರುವ ದೀಪಕ್ಕೆ ತೆರುವ ಹೆಚ್ಚಿನ ಬೆಲೆಯನ್ನು ಈ ಉಳಿತಾಯವೇ ತೀರಿಸುತ್ತದೆ.

ಬೆಳಕಿನ ಲೆಕ್ಕ ಇದಕ್ಕಿಂತ ಸ್ವಾರಸ್ಯವಾದದ್ದು. ದೀಪ ಹೊರಸೂಸುವ ಬೆಳಕನ್ನು ಲ್ಯೂಮೆನ್‌ಗಳಲ್ಲಿ, ಒಂದು ಚದರ ಮೀಟರಿನ ಮೇಲೆ ಬೀಳುವ ಬೆಳಕನ್ನು ಲಕ್ಸ್‌ಗಳಲ್ಲಿ ಅಳೆಯುತ್ತಾರೆ. ಸಾಮಾನ್ಯ ಕೊಳವೆಯೊಂದು ಸುಮಾರು 2450 ಲ್ಯೂಮೆನ್ ಕೊಡುತ್ತದೆ. 20 ವ್ಯಾಟಿನ ಎಲ್‌ಇಡಿ ಸುಮಾರು 2000. ಎಲ್‌ಇಡಿಯದು ಕಡಿಮೆಯಾಯಿತಲ್ಲವೇ? ಆದರೆ ಕೊಳವೆ ತನ್ನ ಬೆಳಕನ್ನು ಸುತ್ತಲೂ ಚೆಲ್ಲುತ್ತದೆ. ಮೇಲಕ್ಕೆ ಹೋದ ಬೆಳಕನ್ನು ಹೊಗೆಹಿಡಿದ ತಗಡು ನುಂಗುತ್ತದೆ. ಎಲ್‌ಇಡಿ ಕೆಳಗಡೆಗೇ ಸೂಸುತ್ತದೆ. 6 ಮೀಟರ್ ಉದ್ದ, 5 ಮೀಟರ್ ಅಗಲದ ಷೆಡ್ಡಿನಲ್ಲಿ ಕೊಳವೆಯ ಬೆಳಕಿನ ಹತ್ತರಲ್ಲಿ ನಾಲ್ಕು ಪಾಲು, ಎಲ್‌ಇಡಿಯ ಬೆಳಕಿನ ಹತ್ತರಲ್ಲಿ ಆರು ಪಾಲು ಕೆಲಸದ ಮಟ್ಟವನ್ನು ಮುಟ್ಟುತ್ತದೆಂದು ಭಾವಿಸೋಣ. ಆಗ ನಾಲ್ಕು ಕೊಳವೆಗಳಿಂದ ದೊರೆಯುವುದು ಸುಮಾರು 130 ಲಕ್ಸ್. ನಾಲ್ಕು ಎಲ್‌ಇಡಿಗಳಿಂದ 160.

ವಾಹನಗಳ ದುರಸ್ತಿಗೆ ಸಾಮಾನ್ಯವಾಗಿ ಬೇಕೆನ್ನುವುದು ಸುಮಾರು 300 ಲಕ್ಸ್. ಆದುದರಿಂದ ಒಂದಕ್ಕೊಂದರಂತೆ ಬದಲಿಸಿದರೆ ವಿದ್ಯುತ್ತು ಉಳಿದೀತು, ಬೆಳಕು ಸಾಲದು. ದೀಪಗಳನ್ನು ಇಮ್ಮಡಿಗೊಳಿಸಬೇಕು, ಇಲ್ಲವೇ ಕೆಲಸ ನಡೆಯುವಲ್ಲಿ ಪ್ರತ್ಯೇಕ ದೀಪವಿಡಬೇಕು. ಚಿಕ್ಕ ದೀಪದಿಂದ ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆಂಬ ವರ್ಗವಿಲೋಮ ನಿಯಮ ಇಲ್ಲಿ ನೆರವಿಗೆ ಬರುತ್ತದೆ. ಆದರೆ ವಾಹನದ ಕೆಳಗಿನ ಗುಂಡಿಯಲ್ಲಿ ಪೆಟ್ರೋಲಿನ ಆವಿ ನಿಲ್ಲುತ್ತದೆ; ಅದು ಗಾಳಿಗಿಂತ ಭಾರ. ಅಲ್ಲಿಗೆ ಒಯ್ಯುವ ಕೈದೀಪ ಕಿಡಿ ಹೊರಬೀಳದಂತಹದು, ಕಡಿಮೆ ವೋಲ್ಟಿನದು ಆಗಿರಬೇಕು.

ಹಳೆಯ ಚೌಕಟ್ಟಿಗೇ ಎಲ್‌ಇಡಿ ಕೊಳವೆಯನ್ನು ಸಿಕ್ಕಿಸುವವರು ಅದು ಯಾವ ಬಗೆಯ ಜೋಡಣೆಗೆ ಮಾಡಿದ್ದೆಂಬುದನ್ನು ಮೊದಲು ಓದಬೇಕು. ಕೆಲವು ಕೊಳವೆಗಳಿಗೆ ಚೋಕನ್ನೂ ಸ್ಟಾರ್ಟರನ್ನೂ ತೆಗೆದು ತಂತಿಯನ್ನು ಬದಲಿಸಲೇಬೇಕು. ಅದು ಲೈಸೆನ್ಸುಳ್ಳ ವಿದ್ಯುತ್ ಕೆಲಸಗಾರನ ಕೆಲಸ. ಹಳೆಯ ಚೌಕಟ್ಟನ್ನು ತೆಗೆದು ಹೊಸದನ್ನೇ ಹಾಕುವುದು ಹೆಚ್ಚು ಕ್ಷೇಮ. ಬಿಸಿಲಿಗೆ ಕಾಯುವ ತಗಡಿಗೆ ಅಂಟಿಸದೆ ಸ್ವಲ್ಪ ಕೆಳಗೆ ತೂಗುಹಾಕಿದರೆ ದೀಪದ ಬಾಳಿಕೆಯೂ ಹೆಚ್ಚು, ಏಕೆಂದರೆ ಡ್ರೈವರಿನ ಕಂಡೆನ್ಸರಿಗೆ ಶಾಖವೇ ಶತ್ರು.

ತೆಗೆದ ಕೊಳವೆಗಳನ್ನು ಹಿತ್ತಲಲ್ಲಿ ಒಡೆದು ಹಾಕಬಾರದು. ಒಂದರಲ್ಲಿ ಕೆಲವೇ ಮಿಲಿಗ್ರಾಂ ಪಾದರಸವಿದ್ದರೂ ಅದರ ಆವಿ ವಿಷ. ಮಣ್ಣಿಗೆ ನೀರಿಗೆ ಸೇರಿದರೆ ಮೀನಿನ ಮೂಲಕ ಮನುಷ್ಯನನ್ನು ಮುಟ್ಟುತ್ತದೆ. ಈ ಕಾರಣಕ್ಕಾಗಿಯೇ ಪಾದರಸವನ್ನು ಕುರಿತ ಮಿನಮಾತ ಒಪ್ಪಂದದ ರಾಷ್ಟ್ರಗಳು 2023ರಲ್ಲಿ ಸಭೆ ಸೇರಿ, 2027ರ ವೇಳೆಗೆ ಕೊಳವೆದೀಪಗಳ ತಯಾರಿಕೆಯನ್ನೂ ಆಮದು ರಫ್ತುಗಳನ್ನೂ ನಿಲ್ಲಿಸುವುದೆಂದು ನಿರ್ಧರಿಸಿದುವು. ಭಾರತವು 2018ರಲ್ಲಿಯೇ ಈ ಒಪ್ಪಂದವನ್ನು ಸ್ಥಿರೀಕರಿಸಿದೆ. ಕೊಳವೆಗಳನ್ನು ಒಡೆಯದಂತೆ ರಟ್ಟಿನಲ್ಲಿ ಸುತ್ತಿ, ಇ-ತ್ಯಾಜ್ಯವನ್ನು ಸ್ವೀಕರಿಸುವವರಿಗೆ ಒಪ್ಪಿಸಬೇಕು. ಅಕಸ್ಮಾತ್ ಒಡೆದರೆ ಬಾಗಿಲು ಕಿಟಕಿಗಳನ್ನು ತೆರೆದು, ಸ್ವಲ್ಪ ಹೊತ್ತು ಹೊರಗಿದ್ದು, ಬಳಿಕ ಪೊರಕೆಯಿಂದ ಗುಡಿಸದೆ ದಪ್ಪ ಕಾಗದದಿಂದ ಚೂರುಗಳನ್ನು ಎತ್ತಬೇಕು.

ಆ ಗ್ಯಾರೇಜಿನವರು ಈಗ ದೀಪಗಳನ್ನು ಮತ್ತೊಮ್ಮೆ ಬದಲಿಸಿದ್ದಾರೆ. ಈ ಸಲ ಅಂಗಡಿಗೆ ಹೋಗುವಾಗ ಮಗನ ಪೆನ್ಸಿಲನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಒಂದೊಂದು ದೀಪದ ಕೆಳಗೂ ಅದನ್ನು ಆಡಿಸಿ ನೋಡಿಯೇ ಕೊಂಡರು. ಗೋಡೆಯ ಮೇಲೆ ಒಂದು ಹಲಗೆಯನ್ನೂ ಬರೆದು ಹಾಕಿದ್ದಾರೆ: ‘ಎಂಜಿನ್ ಆರಿಸದೆ ಫ್ಯಾನಿನ ಹತ್ತಿರ ಕೈ ಹಾಕಬಾರದು.’ ದೀಪ ಎಷ್ಟೇ ಒಳ್ಳೆಯದಾದರೂ ಈ ನಿಯಮ ತಪ್ಪಕೂಡದು.

ವಾಚಕರಿಗೆ ಮೂರು ಲೆಕ್ಕಗಳು:

1. ಆರು ಅಲಗುಗಳ ಫ್ಯಾನು ನಮ್ಮ ದೀಪಗಳ ಕೆಳಗೆ ನಿಂತಂತೆ ಕಾಣಬೇಕಾದರೆ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿರಬೇಕು?

2. ನಿಮಿಷಕ್ಕೆ 1440 ಸುತ್ತು ತಿರುಗುವ ಮೋಟಾರಿನ ರಾಟೆಯಲ್ಲಿ ಒಂದೇ ಅಂತರದ ನಾಲ್ಕು ತೂತುಗಳಿವೆ. ಅವು ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಸರಿಯುವಂತೆ ಕಾಣುತ್ತವೆ?

3. ಅಮೆರಿಕೆಯಲ್ಲಿ ವಿದ್ಯುತ್ತು ಸೆಕೆಂಡಿಗೆ 60 ಆವರ್ತಗಳದು. ಅಲ್ಲಿ ಎಂಟು ಅಲಗಿನ ಫ್ಯಾನು ಯಾವ ವೇಗದಲ್ಲಿ ನಿಂತಂತೆ ಕಾಣುತ್ತದೆ?

(ಉತ್ತರಗಳು: 1. ನಿಮಿಷಕ್ಕೆ 1000 ಸುತ್ತು. 2. ಹಿಂದಕ್ಕೆ, ನಿಮಿಷಕ್ಕೆ 60 ಸುತ್ತು. 3. ನಿಮಿಷಕ್ಕೆ 900 ಸುತ್ತು.)